ಲೆಸೊಥೊಕ್ಕ ಹೊಂಟವರು

ಮಾಸ್ತರನ ತಲೆಯಲ್ಲಿ ಲೆಸೊಥೊ ಯಾವಾಗ ಹೊಕ್ಕಿತೋ ನಮಗೆ ಗೊತ್ತಿಲ್ಲ. ಬೀದರ್ ಜಿಲ್ಲೆಯ ನಮ್ಮ ಹಳ್ಳಿಖೇಡ (ಬಿ) ಬಸ್‌ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತ ಕೂತಿದ್ದಾಗ ಒಮ್ಮೆಲೇ, "ನಾಲ್ಕೂ ಕಡಿಗಿ ದಕ್ಷಿಣ ಆಫ್ರಿಕಾ, ನಡುವ ಅಷ್ಟೇ ಅಷ್ಟು ದೇಶ. ಗಾಡಿ ತಗೊಂಡು ಸುತ್ತಲಕ್ಕ ಭಾಳ ಛಂದ ಅದ" ಎಂದ. ಆ ದೇಶದಲ್ಲಿ 1,400 ಮೀಟರಿಗಿಂತ ತಗ್ಗಿನ ನೆಲವೇ ಇಲ್ಲವಂತೆ, 1966ರಲ್ಲಿ ಬ್ರಿಟಿಷರಿಂದ ಬಿಡುಗಡೆಯಾಯಿತಂತೆ, ಜನ ಕಂಬಳಿ ಹೊದ್ದು ಕುದುರೆ ಮೇಲೆ ತಿರುಗುತ್ತಾರಂತೆ. ಕಂಬಳಿ ಎಂದಾಗ ನಮಗೆ ಸ್ವಲ್ಪ ಆಸಕ್ತಿ ಹುಟ್ಟಿತು. ವಿಮಾನದ ಟಿಕೆಟ್ ಎಂದಾಗ ಇಳಿದುಹೋಯಿತು.

ಕ್ರೂಸರ್ ಇಟ್ಟುಕೊಂಡ ಗೆಳೆಯ ಲೆಕ್ಕ ಮುಗಿಸಿದ: "ಪಾಸ್‌ಪೋರ್ಟ್ ಯಾರ ಹತ್ರನೂ ಇಲ್ಲ. ಕ್ರೂಸರ್ ಅದ. ಡೀಸೆಲ್ ಹಾಕಸ್ರಿ, ಉಮರ್ಗಾ ತನಕ ಹೋಗಿ ಬರಾಮ್."

ಉಮರ್ಗಾ ಮಹಾರಾಷ್ಟ್ರದಲ್ಲಿದೆ. ಪರರಾಜ್ಯ ಎನ್ನಬಹುದು, ಪರದೇಶ ಎನ್ನಲಾಗದು. ಹಾಗೆ ನೋಡಿದರೆ ಸುತ್ತಲೂ ಬೇರೆಯವರ ನೆಲ ಇರುವ, ಸಮುದ್ರ ಕಾಣದ ದೇಶದಲ್ಲಿ ಬಾಳಿದ್ದು ನಮ್ಮ ಅಜ್ಜಂದಿರಿಗೇನೂ ಹೊಸತಲ್ಲ. ಅವರು ಬಾಳಿದ ನಿಜಾಮರ ಹೈದರಾಬಾದ್ ಸಂಸ್ಥಾನ ಸಣ್ಣದೇನಲ್ಲ, ಲೆಸೊಥೊದಂಥ ಏಳು ದೇಶ ಹಿಡಿಸುವಷ್ಟಿತ್ತು. ಅದಕ್ಕೆ ತನ್ನದೇ ರೈಲು, ತನ್ನದೇ ಟಪಾಲು, ಗಡಿಯಲ್ಲಿ ಸುಂಕ ವಸೂಲಿಗೆ ಕರೋಡಗಿರಿ. 1932ರಲ್ಲೇ 27 ಬಸ್ಸುಗಳಿಂದ ಸರ್ಕಾರಿ ಸಾರಿಗೆ ಶುರುವಾಗಿತ್ತು. ಹಾಲಿ ಸಿಕ್ಕಾ ಎಂಬ ಅದರ ನಾಣ್ಯದ ಮೇಲೆ ಚಾರ್‌ಮಿನಾರ್ ಇತ್ತು. ಲೆಸೊಥೊದ ಲೋಟಿ ದಕ್ಷಿಣ ಆಫ್ರಿಕಾದ ರಾಂಡಿಗೆ ಸರಿಸಮ ಎಂದು ಮಾಸ್ತರ ಹೇಳಿದ. ನಮ್ಮ ಹಾಲಿ ಸಿಕ್ಕಾಕ್ಕೆ ಆ ಭಾಗ್ಯ ಇರಲಿಲ್ಲ. ಬ್ರಿಟಿಷರ ನೂರು ಕಲದಾರ ಬೇಕೆಂದರೆ 116 ಹಾಲಿ ರೂಪಾಯಿ ಎಣಿಸಿ, ಮೇಲೆ ಚಿಲ್ಲರೆಯನ್ನೂ ಕೊಡಬೇಕಿತ್ತು. ವರ್ಷದ ಎಣಿಕೆಯೂ ಬೇರೆಯೇ. ನಮ್ಮ ಮನೆಯ ಹಳೆಯ ಹೊಲದ ಕಾಗದದಲ್ಲಿ ಫಸಲಿ 1340 ಎಂದಿದೆ. 590 ಕೂಡಿಸಿದರೆ 1930 ಸಿಗುತ್ತದೆ. ಆ ಕಾಗದದ ಉರ್ದು ಓದಬಲ್ಲವರು ಸಿಗುವುದು ಮಾತ್ರ ವರ್ಷ ವರ್ಷಕ್ಕೆ ಕಷ್ಟವಾಗುತ್ತಿದೆ.

ಹುಮನಾಬಾದಿನಲ್ಲಿ ನಮ್ಮ ಬೀದರ್ ರಸ್ತೆ ಹೆದ್ದಾರಿ 65ನ್ನು ಕೂಡುತ್ತದೆ. ಪುಣೆಯಿಂದ ಮಚಲಿಪಟ್ಟಣದವರೆಗಿನ ಈ ಹೆದ್ದಾರಿಯ ಮೇಲೆ ಲಾರಿಗಳು ಹಗಲು ರಾತ್ರಿ ಎನ್ನದೆ ಹರಿಯುತ್ತವೆ. ಹಳೆಯ ಮಂದಿ ಇನ್ನೂ ಇದನ್ನು ನಂಬರ್ ಒಂಬತ್ತು ಅಂತಲೇ ಕರೆಯುತ್ತಾರೆ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ ಸ್ವಲ್ಪದರಲ್ಲೇ ರಾಜೇಶ್ವರ. ಮಿರ್ಚಿ ಭಜಿಗಾಗಿ ಇಳಿದೆವು.

ಭಾರತದ ಸೈನ್ಯ ಹೈದರಾಬಾದಿಗೆ ಬಂದದ್ದು ಇದೇ ದಾರಿಯಲ್ಲಿ. 1948ರ ಸೆಪ್ಟೆಂಬರ್ 13ರ ಬೆಳಗಿನಲ್ಲಿ ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಪಡೆ ಸೊಲ್ಲಾಪುರದ ಕಡೆಯಿಂದ ಗಡಿ ದಾಟಿ ನಳದುರ್ಗ ಹಿಡಿಯಿತು. ಮರುದಿನ ಉಮರ್ಗಾ ದಾಟಿ ರಾಜೇಶ್ವರ, ಆಮೇಲೆ ಹುಮನಾಬಾದ್, ಜಹೀರಾಬಾದ್. 17ಕ್ಕೆ ನಿಜಾಮರು ಸೋಲೊಪ್ಪಿದರು. ಒಂದು ದೇಶ ಮುಗಿಯಲು ಐದು ದಿನ ಸಾಕಾಯಿತು. ಅಜ್ಜ ಆ ದಿನಗಳಲ್ಲಿ ಆಳೆತ್ತರದ ಜೋಳದ ಹೊಲದಲ್ಲಿ ಅಡಗಿ ಕೂತಿದ್ದನಂತೆ. ಸಪ್ಪಳ ಯಾರ ಗಾಡಿಯದ್ದು ಎಂದು ತಿಳಿಯುವ ತನಕ ಯಾರೂ ಹೊರಗೆ ಬರಲಿಲ್ಲ. ಅದಕ್ಕೆ ಕಾರಣವಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ, ಬಸವಕಲ್ಯಾಣದ ಕಡೆಯ ಗೋರ್ಟಾದಲ್ಲಿ ನಿಜಾಮರ ಪರದ ರಜಾಕಾರರು ಜನರನ್ನು ಕಂಡಕಂಡಲ್ಲಿ ಕೊಂದಿದ್ದರು. ಚಾರ್‌ಮಿನಾರಿನ ನಾಣ್ಯ ಎಷ್ಟೇ ಚಂದವಿರಲಿ, ಆ ದೇಶ ಹೋದದ್ದಕ್ಕೆ ನಮ್ಮ ಮನೆಯಲ್ಲಿ ಯಾರೂ ಅತ್ತಿಲ್ಲ.

ಸಸ್ತಾಪುರ ಬಂಗ್ಲಾದಲ್ಲಿ ಬಸವಕಲ್ಯಾಣದ ಕಡೆ ಹೊರಳಿದೆವು. ಕೋಟೆ ಹತ್ತುವಾಗ ಮಾಸ್ತರನಿಗೆ ಬಿಲ್ಹಣ ನೆನಪಾದ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರ ಬಿಟ್ಟ ಆ ಕವಿ ಮಥುರಾ, ಕಾಶಿ, ಗುಜರಾತ ಸುತ್ತಿ ಕೊನೆಗೆ ಕಲ್ಯಾಣ ಸೇರಿದ, ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿ ಎನಿಸಿಕೊಂಡ, ದೊರೆಯ ಮೇಲೆ 'ವಿಕ್ರಮಾಂಕದೇವಚರಿತ' ಬರೆದ. ಕ್ರೂಸರ್ ಇಲ್ಲದೆ ಇಷ್ಟು ತಿರುಗಿದವನ ಮುಂದೆ ನಮ್ಮ ಉಮರ್ಗಾ ಯಾತ್ರೆಯ ಮಾತೆತ್ತುವುದೇ ಬೇಡವೆಂದು ಸುಮ್ಮನಾದೆವು. ಅದೇ ದೊರೆಯ ಹೊಗಳಿಕೆಯನ್ನು ಕಲ್ಲಿನ ಬಾಲೆಯೊಬ್ಬಳು ಬರೆಯುತ್ತ ನಿಂತ ಶಿಲ್ಪ ನಮ್ಮ ತಾಲ್ಲೂಕಿನ ಜಲಸಂಗಿಯ ಗುಡಿಯಲ್ಲಿದೆ. ಊರ ಪಕ್ಕದಲ್ಲೇ ಇದ್ದುದರಿಂದ ನಾವು ಅದನ್ನು ನೋಡಿದ್ದು ದೊಡ್ಡವರಾದ ಮೇಲೆ.

ಮಹಾರಾಷ್ಟ್ರದ ಗಡಿ ಯಾವಾಗ ದಾಟಿದೆವೋ ಯಾರೂ ಹೇಳಲಾರರು. ಬೋರ್ಡುಗಳು ಮರಾಠಿಗೆ ತಿರುಗಿದ ಮೇಲೆ ಗೊತ್ತಾಯಿತು. ತೆರಿಗೆ ಚೆಕ್‌ಪೋಸ್ಟಿನ ಮುಂದೆ ಲಾರಿಗಳು ಸಾಲುಗಟ್ಟುತ್ತಿದ್ದ ಕಾಲ 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಮುಗಿಯಿತು. ಆದರೂ ಈ ಗಡಿ ನಮಗೆ ಹಳೆಯದಲ್ಲ. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯನ್ನು ಕೊಯ್ದು ಹಂಚಿದರು. ಉದಗೀರ, ನಿಲಂಗಾ, ಅಹಮದಪುರ ಮುಂಬೈ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಭಾಷೆ ನೋಡಿ ಗೆರೆ ಎಳೆದದ್ದು ಸರಿಯೇ. ಆದರೆ ಬೀಗತನ ನೋಡಿ ಯಾರೂ ಎಳೆಯಲಿಲ್ಲ. ಮದುವೆಯಾಗಿ ಒಂದೇ ಸಂಸ್ಥಾನದೊಳಗೆ ಹೋಗಿದ್ದ ಹೆಣ್ಣುಮಕ್ಕಳು ಕೂತಲ್ಲೇ ಪರರಾಜ್ಯದವರಾದರು.

ನಮ್ಮಪ್ಪನ ಸೋದರತ್ತೆಯ ಮನೆ ಅಂಥದ್ದೇ. ಉಮರ್ಗಾದಲ್ಲಿ ಆ ಮನೆಯನ್ನು ಈಗ ನಡೆಸುವವರು ಆಕೆಯ ಸೊಸೆ. ಕನ್ನಡದಲ್ಲಿ ಶುರುಮಾಡಿದ ಮಾತನ್ನು ಮರಾಠಿಯಲ್ಲಿ ಮುಗಿಸುತ್ತಾರೆ, ಬೈಯುವುದಿದ್ದರೆ ಮಾತ್ರ ಪೂರ್ತಿ ಕನ್ನಡ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸುತ್ತ, "ಏಟ್ ದಿನಕ್ಕ ಬಂದ್ರಿ! ಎಲ್ಲಿಗಿ ಹೊಂಟಿದ್ರಿ?" ಎಂದು ಕೇಳಿದರು.

"ಲೆಸೊಥೊಕ್ಕ ಹೊಂಟಿದ್ದೆವ್ರಿ, ಕಾಕು" ಎಂದ ಮಾಸ್ತರ.

"ಅದು ಲಾತೂರ್ ಜಿಲ್ಲಾದಾಗ ಬರ್ತದೇನು?"

ಅಲ್ಲಿಗೆ ಮಾಸ್ತರನ ಭೂಗೋಳ ಮುಗಿಯಿತು. ವಾಪಸು ಬರುವಾಗ ಕತ್ತಲಾಗಿತ್ತು. ಹಿಂದೆ ದೀಪವಿಲ್ಲದ ಕಬ್ಬಿನ ಟ್ರಾಕ್ಟರುಗಳ ನಡುವೆ ನುಸುಳುವುದರಲ್ಲೇ ಕ್ರೂಸರಿನವನ ಜೀವ ಹಣ್ಣಾಯಿತು. ಹೊಗೆಯಾಡದ ಸಕ್ಕರೆ ಕಾರ್ಖಾನೆಯ ಹತ್ತಿರ ಬಂದಾಗ ಕಬ್ಬಿನ ಬಾಕಿ ನೆನೆದು ನಮ್ಮಲ್ಲೊಬ್ಬ ಎರಡು ಮಾತು ಬೈದ. ಯಾರೂ ತಡೆಯಲಿಲ್ಲ.

ನೀವು ಈ ದಾರಿ ನೋಡಬೇಕೆಂದರೆ ಕಬ್ಬಿನ ಹಂಗಾಮು ಶುರುವಾಗುವ ಮುಂಚೆ ಬನ್ನಿ. ಜಲಸಂಗಿಯನ್ನು ಬಿಡಬೇಡಿ. ರಾಜೇಶ್ವರದಲ್ಲಿ ಗಾಡಿ ನಿಲ್ಲಿಸಿ, ಕಟ್ಟೆಯ ಮೇಲೆ ಹಿರಿಯರಿದ್ದರೆ ಸೈನ್ಯ ಬಂದ ವರ್ಷದ ಕತೆ ಕೇಳಿ. ಅದನ್ನು ಕಣ್ಣಾರೆ ಕಂಡವರಿಗೆ ಈಗ ಎಂಬತ್ತು ದಾಟಿದೆ, ತಡ ಮಾಡಬೇಡಿ.