ಎಸ್.ಪಿ. ರಸ್ತೆಯ ಲೆಕ್ಕಾಚಾರ

ಬೆಂಗಳೂರಿನ ಪುರಭವನದ ಬಳಿ ಬಸ್ಸಿಳಿದು ಸ್ವಲ್ಪ ದೂರ ನಡೆದರೆ ಎಸ್.ಪಿ. ರಸ್ತೆ. ಇಕ್ಕಟ್ಟಾದ ಬೀದಿ, ಒತ್ತೊತ್ತಾಗಿ ನಿಂತ ಅಂಗಡಿಗಳು, ಎಲ್ಲಿ ನೋಡಿದರೂ ವೈರು, ಕೀಬೋರ್ಡು, ಮಾನಿಟರುಗಳ ರಾಶಿ. ಕಾಲೇಜು ಹುಡುಗರಿಗೆ ಇದು ಕಂಪ್ಯೂಟರ್ ಸಂತೆ. ಮನೆಯ ಹಳೇ ಯಂತ್ರವನ್ನು ಮಾರಲು ಮಗಳೊಡನೆ ಬರುವ ಅಪ್ಪನಿಗೆ ಮಾತ್ರ ಒಂದು ಅಚ್ಚರಿ ಕಾದಿರುತ್ತದೆ. ‘40,000 ಕೊಟ್ಟು ತಂದದ್ದು’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಈ ಬಿಡಿಭಾಗ ಇಂದು ಯಾವ ಯಂತ್ರಕ್ಕೆ ಹೊಂದುತ್ತದೆ ಎಂಬುದರ ಮೇಲೆ ಬೆಲೆ ನಿಂತಿದೆ.

ರ‍್ಯಾಮನ್ನೇ ನೋಡಿ. 2007ರ ಡಿಡಿಆರ್3, 2014ರಲ್ಲಿ ಮಾರುಕಟ್ಟೆಗೆ ಬಂದ ಡಿಡಿಆರ್4, ಆಮೇಲಿನ ಡಿಡಿಆರ್5 ಈ ಮೂರರಲ್ಲೂ ಕಚ್ಚು ಇರುವ ಜಾಗ ಬೇರೆ ಬೇರೆ. ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರದು. ಹಾಗಾಗಿ ಎಲ್ಲವೂ 8 ಜಿ.ಬಿ.ಯಾದರೂ ಬೆಲೆ ಒಂದೇ ಅಲ್ಲ. ಎಎಂಡಿ ಕಂಪನಿಯ 2016ರ ಎಎಂ4 ಸಾಕೆಟ್ ಹಲವು ತಲೆಮಾರಿನ ಪ್ರೊಸೆಸರುಗಳಿಗೆ ಒಗ್ಗಿತು. ಆ ಬೋರ್ಡುಗಳಿಗೆ ಬಾಳಿಕೆಯೂ ಬೆಲೆಯೂ ಹೆಚ್ಚು ಕಾಲ ಉಳಿಯಿತು.

ಹಾರ್ಡ್ ಡಿಸ್ಕ್ ತಾನು ದುಡಿದ ಗಂಟೆಗಳನ್ನು ತನ್ನೊಳಗೇ ದಾಖಲಿಸಿಕೊಂಡಿರುತ್ತದೆ. ಕೊಳ್ಳುವವರು ಅದನ್ನು ತೋರಿಸಲು ಕೇಳಿ. ಬಿಡುವಿಲ್ಲದೆ ಓಡಿದರೆ ವರ್ಷಕ್ಕೆ 8,760 ಗಂಟೆ.

ಮಾರುವವರಿಗೆ ಇನ್ನೊಂದು ಎಚ್ಚರ. ಡಿಲೀಟ್ ಒತ್ತಿದ ಮಾತ್ರಕ್ಕೆ ಅಂಕಪಟ್ಟಿ, ಬ್ಯಾಂಕಿನ ಕಾಗದ, ಮನೆಯವರ ಫೋಟೊ ಡಿಸ್ಕಿನಿಂದ ಹೋಗುವುದಿಲ್ಲ. ಬಲ್ಲವರು ಮತ್ತೆ ಹೊರತೆಗೆಯಬಲ್ಲರು. ಪೂರ್ತಿ ಅಳಿಸುವ ತಂತ್ರಾಂಶ ಬಳಸಿ. ಅದು ಆಗದಿದ್ದರೆ ಡಿಸ್ಕನ್ನು ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಮಾರಿ. ಕೆಲವು ನೂರು ರೂಪಾಯಿ ಕಡಿಮೆ ಬಂದೀತು, ಮನೆಯ ಗುಟ್ಟು ಮನೆಯಲ್ಲೇ ಉಳಿದೀತು.