ಕೆಂಪು ಮುಚ್ಚಳದ ಸೂಜಿ

ಅಮ್ಮನ ಇನ್ಸುಲಿನ್ ಸಿರಿಂಜ್ ಮುಗಿದಿತ್ತು. ಮೆಡಿಕಲ್ ಶಾಪಿನಲ್ಲಿ ನನಗಿಂತ ಮುಂಚೆ ಒಬ್ಬ ಹುಡುಗ ನಿಂತಿದ್ದ. ಒಂದೇ ಒಂದು ಸಿರಿಂಜ್ ಕೇಳಿದ. ಅಂಗಡಿಯವರು ಅವನ ತೋಳಿನ ಚುಚ್ಚುಗುರುತು ನೋಡಿ 'ಇಲ್ಲಪ್ಪ' ಅಂದರು. ಅವನು ಹೋದ ಮೇಲೆ ನಾನು 10 ಕೇಳಿದೆ, ಕೆಂಪು ಮುಚ್ಚಳದ 40 ಯೂನಿಟ್ಟಿನವು. ಚೀಟಿಯನ್ನೂ ಕೇಳದೆ ಕೊಟ್ಟರು. ಒಳ್ಳೆಯ ಮನುಷ್ಯ ಅವರು. ಹುಡುಗ ಇನ್ನಷ್ಟು ಹಾಳಾಗದಿರಲಿ ಅಂತಲೇ ಇಲ್ಲ ಅಂದಿರಬೇಕು. ಆದರೆ ಸೂಜಿ ಸಿಗಲಿಲ್ಲವೆಂದು ಅವನು ಇವತ್ತು ಸುಮ್ಮನಿದ್ದಾನೆಯೇ?

*

ಇರಲಾರ. ಹೆರಾಯಿನ್ ಅಮಲು ಇಳಿಯುವ ಹೊತ್ತಿಗೆ ಮೈಯೆಲ್ಲ ನೋವು, ಬೆವರು, ವಾಂತಿ, ಭೇದಿ. ಆಗ ಪಕ್ಕದವನು ಚುಚ್ಚಿಕೊಂಡು ಇಟ್ಟ ಸೂಜಿಯೇ ಸಾಕಾಗುತ್ತದೆ. ಅದರೊಳಗೆ ಉಳಿದ ಕಣ್ಣಿಗೆ ಕಾಣದಷ್ಟು ರಕ್ತವೂ ರೋಗ ಅಂಟಲು ಸಾಕು. ಸಿರಿಂಜಿನಲ್ಲಿ ಹೆಪಟೈಟಿಸ್ ಸಿ ವೈರಸ್ 63 ದಿನ ಜೀವಂತ ಉಳಿದದ್ದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಎರಡು ತಿಂಗಳು!

*

1984, ಆಮ್‌ಸ್ಟರ್‌ಡ್ಯಾಮ್. ಊರ ನಡುವಿನ ಔಷಧಿ ಅಂಗಡಿಯೊಂದು ಚುಚ್ಚಿಕೊಳ್ಳುವವರಿಗೆ ಸಿರಿಂಜ್ ಮಾರುವುದನ್ನು ನಿಲ್ಲಿಸಿತು. ಇದರಿಂದ ಹೆಪಟೈಟಿಸ್ ಬಿ ಹರಡೀತೆಂಬ ಭಯ ಹುಟ್ಟಿತು. ಮಾದಕವಸ್ತು ಬಳಸುವವರೇ ಕಟ್ಟಿಕೊಂಡಿದ್ದ 'ಜಂಕಿಬಾಂಡ್' ಸಂಘ ನಗರದ ಆರೋಗ್ಯ ಇಲಾಖೆಯಿಂದ ಸೂಜಿ ತಂದು ಹಂಚಿತು. ಹಳೆಯದು ಕೊಟ್ಟರೆ ಹೊಸದು. ಅಲ್ಲೂ ಒಂದು ಅಂಗಡಿಯ 'ಇಲ್ಲ'ದಿಂದಲೇ ಶುರುವಾದದ್ದು. ಯಾರ ಬುದ್ಧಿ ಕೆಟ್ಟಿದೆ ಎಂದು ನಾವು ಅನ್ನುತ್ತೇವೋ ಅವರಿಗೇ ಇದು ಮೊದಲು ಹೊಳೆಯಿತು.

*

ಅಮೆರಿಕದ ಇಂಡಿಯಾನಾ ರಾಜ್ಯದ ಸ್ಕಾಟ್ ಕೌಂಟಿ ನನಗೆ ಬಿಡಿಸಲಾಗದ ಗಂಟು. ಅಲ್ಲಿನ ಆಸ್ಟಿನ್ ಸುಮಾರು 4,200 ಜನರ ಊರು. ನೋವಿನ ಮಾತ್ರೆ ಕರಗಿಸಿ, ಒಂದೇ ಮನೆಯ ಮೂರು ತಲೆಮಾರು ಒಟ್ಟಿಗೆ ಚುಚ್ಚಿಕೊಂಡದ್ದೂ ಇದೆ. 2015ರಲ್ಲಿ ಎಚ್‌ಐವಿ ಸ್ಫೋಟಿಸಿತು. ಸೂಜಿ ವಿನಿಮಯಕ್ಕೆ ರಾಜ್ಯದ ಕಾನೂನು ಅಡ್ಡ. ವಿನಿಮಯವನ್ನು ಒಪ್ಪದಿದ್ದ ಗವರ್ನರ್ ಮೈಕ್ ಪೆನ್ಸ್ ಮಾರ್ಚಿನಲ್ಲಿ ತುರ್ತು ಆದೇಶ ಹೊರಡಿಸಿ ದಾರಿ ಬಿಟ್ಟರು. ಅಷ್ಟರಲ್ಲಿ ರೋಗ ಎಷ್ಟೋ ಮನೆ ಹೊಕ್ಕಿತ್ತು. ಕೊನೆಗೆ ಲೆಕ್ಕ 200 ದಾಟಿತು. ಆಮೇಲಿನ ವರ್ಷಗಳಲ್ಲಿ ಹೊಸ ಸೋಂಕು ಬೆರಳೆಣಿಕೆಗೆ ಇಳಿಯಿತು. 2021ರಲ್ಲಿ ಅದೇ ಕೌಂಟಿಯ ಮೂವರು ಆಯುಕ್ತರಲ್ಲಿ ಇಬ್ಬರು ಸೂಜಿ ವಿನಿಮಯ ಕೇಂದ್ರ ಮುಚ್ಚಲು ಮತ ಹಾಕಿದರು. ಅಷ್ಟು ಸಾವು-ನೋವು ಕಂಡವರೇ! ಈ ಸುದ್ದಿಯನ್ನು ಮೂರು ಸಲ ಓದಿದೆ.

*

ನಮ್ಮ ಮಣಿಪುರ. 1990ರ ಹೊತ್ತಿಗೆ ಅಲ್ಲಿ ಚುಚ್ಚಿಕೊಳ್ಳುವವರನ್ನು ಪರೀಕ್ಷಿಸಿದರೆ ಸುಮಾರು ಅರ್ಧದಷ್ಟು ಜನರಲ್ಲಿ ಎಚ್‌ಐವಿ. 1996ರಲ್ಲೇ ಆ ರಾಜ್ಯ ಇದಕ್ಕೊಂದು ನೀತಿ ಮಾಡಿತು. ದೇಶದ ಎಚ್‌ಐವಿ ಕಾಯ್ದೆ ಬಂದದ್ದು 2017ರಲ್ಲಿ. ಅದರ 22ನೇ ಕಲಮಿನಲ್ಲಿ ಒಂದು ಉದಾಹರಣೆಯೇ ಇದೆ: ವಿನಿಮಯ ಕಾರ್ಯಕ್ರಮದಲ್ಲಿ ಒಬ್ಬರು ಶುಚಿಯಾದ ಸೂಜಿ ಕೊಡುತ್ತಾರೆ, ಇನ್ನೊಬ್ಬರು ಬಳಸಿದ್ದನ್ನು ಒಪ್ಪಿಸುತ್ತಾರೆ, ಇಬ್ಬರ ಮೇಲೂ ಮೊಕದ್ದಮೆ ಇಲ್ಲ. ಕಾಯ್ದೆಯ ಪುಸ್ತಕದಲ್ಲಿ ಇಂಥ ಮರುಕದ ಸಾಲು ಸಿಕ್ಕೀತೆಂದು ಎಣಿಸಿರಲಿಲ್ಲ.

*

ವಿನಿಮಯ ಕೇಂದ್ರಗಳಲ್ಲಿ ವಾಪಸ್ ಬಂದ ಸೂಜಿಗೆ ಲೆಕ್ಕವಿದೆ, ಚುಚ್ಚಲಾಗದ ಗಟ್ಟಿ ಡಬ್ಬಿಯಿದೆ. ಅಮ್ಮನವು? ಬರೀ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬೆಳಗಿನ ಕಸದ ಗಾಡಿಗೆ ಹಾಕುತ್ತಾ ಬಂದಿದ್ದೇನೆ. ಅದನ್ನು ಬಿಚ್ಚುವ ಪೌರಕಾರ್ಮಿಕರ ಕೈ ಇಷ್ಟು ವರ್ಷ ನನಗೆ ನೆನಪಾಗಲಿಲ್ಲ. ಇವತ್ತು ಉಪ್ಪಿನಕಾಯಿ ಡಬ್ಬಿಯೊಂದನ್ನು ತೊಳೆದು ಇಟ್ಟಿದ್ದೇನೆ. ಅಂಗಡಿಯವರನ್ನು ಎರಡು ಮಾತು ಕೇಳಬೇಕು: ಬಳಸಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೀರಾ? ಆ ಹುಡುಗ ಮತ್ತೆ ಬಂದಿದ್ದನಾ?