ಬೆಟ್ಟದಲ್ಲಿ ಸೈನ್ಯ, ಬಯಲಿನಲ್ಲಿ ಸಂಸಾರ

ಮಳೆಗಾಲ ಮುಗಿದು ಒಳ್ಳೆಯ ಬಿಸಿಲು ಬಿದ್ದಾಗ ಪೆಟ್ಟಿಗೆಯೊಳಗಿನ ಬಟ್ಟೆಬರೆಗಳನ್ನು ಹೊರತೆಗೆದು ಹರವುವುದು ಗೃಹಿಣಿಯರಿಗೆ ತಪ್ಪದ ಕೆಲಸ. ಸ್ವಿಟ್ಸರ್ಲೆಂಡಿನ ಗೃಹಿಣಿಗೆ ಇದರ ಜತೆಗೆ ಇನ್ನೊಂದು ಹೊಣೆಯೂ ಬಹುಕಾಲ ಇದ್ದಿತು. ಅವಳ ಕಪಾಟಿನಲ್ಲಿ ಉಣ್ಣೆಯ ಅಂಗಿಗಳ ಮಗ್ಗುಲಿಗೆ ಪತಿಯ ಸೈನಿಕ ಉಡುಪು ತೂಗಾಡುತ್ತಿದ್ದಿತು. ಅದಕ್ಕೆ ನುಸಿ ಹಿಡಿಯದಂತೆ ನೋಡಿಕೊಳ್ಳಬೇಕು. ಮೂಲೆಯಲ್ಲಿ ಒರಗಿದ್ದ ಬಂದೂಕನ್ನು ಮಕ್ಕಳು ಮುಟ್ಟದಂತೆ ಕಾಯಬೇಕು. ಪತಿಯೋ ಬ್ಯಾಂಕಿನ ಗುಮಾಸ್ತ, ಇಲ್ಲವೆ ಶಾಲೆಯ ಉಪಾಧ್ಯಾಯ, ಇಲ್ಲವೆ ರೊಟ್ಟಿ ಸುಡುವವನು. ಕರೆ ಬಂದ ದಿನ ಅವನೇ ಸಿಪಾಯಿ. ಮನೆಯಲ್ಲಿ ಕೋವಿ ಇರುವುದು ಕೊಡಗಿನವರಿಗೆ ಆಶ್ಚರ್ಯದ ಸಂಗತಿಯಲ್ಲ. ಆದರೆ ಕೊಡಗಿನ ಕೋವಿ ಮನೆತನದ್ದು. ಸ್ವಿಸ್ ಮನೆಯ ಬಂದೂಕು ಸರ್ಕಾರದ್ದು. ಅದರೊಡನೆ ಸರ್ಕಾರದ ಚಿಂತೆಯಲ್ಲಿ ಒಂದು ಪಾಲು ಕೂಡ ಮನೆಯೊಳಕ್ಕೆ ಬಂದು ಕುಳಿತಿರುತ್ತಿದ್ದಿತು.

1815ರಲ್ಲಿ ಯೂರೋಪಿನ ದೊಡ್ಡ ರಾಷ್ಟ್ರಗಳು ಈ ಪುಟ್ಟ ದೇಶದ ಶಾಶ್ವತ ತಾಟಸ್ಥ್ಯವನ್ನು ಒಪ್ಪಿಕೊಂಡವು. ತಟಸ್ಥನಿಗೆ ಸೈನ್ಯವೇಕೆ ಎಂದು ಕೇಳುವವರುಂಟು. ಇಬ್ಬರು ಹೊಡೆದಾಡುವಾಗ ನಡುವಿನ ಮನೆಯವನು ಬಾಗಿಲು ತೆರೆದಿಟ್ಟು ಮಲಗಿದರೆ, ಹೊಡೆದಾಟ ಅವನ ಹಜಾರಕ್ಕೇ ಬರುತ್ತದೆ. ತನ್ನ ನೆಲದ ಮೇಲೆ ಯಾವ ಪಕ್ಷದ ಸೈನ್ಯವನ್ನೂ ನಡೆಯಗೊಡದಿರುವುದು ತಟಸ್ಥ ರಾಷ್ಟ್ರದ ಕರ್ತವ್ಯವೆಂದು 1907ರ ಹೇಗ್ ಒಪ್ಪಂದವೂ ಹೇಳಿತು. ಆದುದರಿಂದ ಸೈನ್ಯ ಬೇಕು. ಆದರೆ ಅದು ನೆರೆಯವರನ್ನು ಹೆದರಿಸುವಷ್ಟು ದೊಡ್ಡದಾಗಿರಬಾರದು, ನಗಿಸುವಷ್ಟು ಚಿಕ್ಕದೂ ಆಗಿರಬಾರದು. ಸ್ವಿಸ್ ಜನ ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಶಾಂತಿಕಾಲದಲ್ಲಿ ಸೇನಾಪತಿಯೇ ಇಲ್ಲದಿರುವುದು. ಅಪಾಯ ಬಾಗಿಲಿಗೆ ಬಂದಾಗ ಪಾರ್ಲಿಮೆಂಟು ಒಬ್ಬನನ್ನು ‘ಜನರಲ್’ ಎಂದು ಆರಿಸುತ್ತದೆ. ಅಪಾಯ ತೀರಿದೊಡನೆ ಆತ ಅಧಿಕಾರವನ್ನು ಒಪ್ಪಿಸಿ ಮನೆಗೆ ಹೋಗಬೇಕು. 1848ರ ಸಂವಿಧಾನ ಬಂದ ಮೇಲಿನ ಇಷ್ಟು ದೀರ್ಘ ಕಾಲದಲ್ಲಿ ಈ ಪದವಿ ಏರಿದವರು ನಾಲ್ವರೇ.

ಆ ನಾಲ್ವರಲ್ಲಿ ಎರಡನೆಯವರಾದ ಹನ್ಸ್ ಹೆರ್ಟ್ಸೋಗ್ ಅವರಿಗೆ ಯುದ್ಧಕ್ಕಿಂತ ಹೆಚ್ಚಾಗಿ ಅತಿಥಿಸತ್ಕಾರದ ಕೆಲಸ ಬಿದ್ದಿತು. 1871ರ ಫೆಬ್ರವರಿಯ ಹಿಮದಲ್ಲಿ, ಜರ್ಮನರಿಂದ ಸೋತ ಫ್ರೆಂಚ್ ಸೈನಿಕರು ಸುಮಾರು 87,000 ಮಂದಿ ಗಡಿ ದಾಟಿ ಬಂದು ಆಯುಧಗಳನ್ನು ರಾಶಿ ಹಾಕಿದರು. ಅವರನ್ನು ಊರೂರಿಗೆ ಹಂಚಿ ಅನ್ನಬಟ್ಟೆ ಕೊಟ್ಟು ಕಾಯಬೇಕಾಯಿತು. ಮೂರನೆಯವರಾದ ಉಲ್ರಿಖ್ ವಿಲ್ಲೆ ಅವರ ಕಾಲದ ಕಥೆ ಅಷ್ಟು ಸೊಗಸಾದುದಲ್ಲ. 1914ರಿಂದ 1918ರವರೆಗೆ ನೂರಾರು ದಿನ ಗಡಿಯಲ್ಲಿ ನಿಂತ ಕೂಲಿಗಾರರಿಗೆ ಕಳೆದುಕೊಂಡ ಸಂಬಳವನ್ನು ಯಾರೂ ಕೊಡಲಿಲ್ಲ. ಗಂಡ ಗಡಿಯಲ್ಲಿ, ಮನೆಯಲ್ಲಿ ಬಾಡಿಗೆ ಬಾಕಿ, ಬೆಲೆ ಏರಿದ ಹಾಲು, ಹಸಿದ ಮಕ್ಕಳು. ಈ ಕಹಿಯೂ ಸೇರಿ 1918ರ ನವೆಂಬರಿನಲ್ಲಿ ದೇಶವ್ಯಾಪಿ ಮುಷ್ಕರವಾಯಿತು. ವಿದೇಶೀಯರನ್ನು ತಡೆಯಲು ಕಟ್ಟಿದ ಸೈನ್ಯ ಸ್ವದೇಶದ ಕೂಲಿಗಾರರ ಎದುರಿಗೆ ನಿಂತಿತು. ಗ್ರೆಂಖೆನ್ ಎಂಬ ಊರಿನಲ್ಲಿ ಮೂವರು ಗುಂಡಿಗೆ ಬಲಿಯಾದರು. ನಾಲ್ಕು ವರ್ಷ ಕಾದ ಯುದ್ಧ ಬರಲಿಲ್ಲ, ಬಂದದ್ದು ಇದು.

ನಾಲ್ಕನೆಯ ಜನರಲ್ ಆನ್ರಿ ಗೀಸಾನ್. 1939ರ ಆಗಸ್ಟ್ 30ರಂದು ಪಾರ್ಲಿಮೆಂಟು ಅವರನ್ನು ಆರಿಸಿದಾಗ ಅವರಿಗೆ 64 ವರ್ಷ. ವ್ಯವಸಾಯ ಕಲಿತವರು, ಜಿನೀವಾ ಸರೋವರದ ದಂಡೆಯಲ್ಲಿ ಮನೆ ಮಾಡಿಕೊಂಡಿದ್ದ ಜಮೀನುದಾರರು, ಫ್ರೆಂಚ್ ಮಾತಿನವರು. ಎರಡೇ ದಿನಗಳಲ್ಲಿ ಹಿಟ್ಲರನು ಪೋಲೆಂಡಿನ ಮೇಲೆ ಬಿದ್ದನು. ಸೆಪ್ಟೆಂಬರ್ 2ರಂದು ಕರೆ ಹೊರಟಿತು. 42 ಲಕ್ಷ ಜನಸಂಖ್ಯೆಯ ದೇಶದಲ್ಲಿ ಸುಮಾರು 4,30,000 ಸೈನಿಕರು ಕಪಾಟಿನ ಉಡುಪು ತೊಟ್ಟು ಹೊರಟರು. ಹತ್ತು ಜನರಲ್ಲಿ ಒಬ್ಬ ಎಂದರೆ, ಹೆಂಗಸರು ಮಕ್ಕಳು ಮುದುಕರನ್ನು ಬಿಟ್ಟರೆ ಉಳಿದವರು ಯಾರು? ಹೊಲದ ಕುದುರೆಗಳಿಗೂ ಕರೆ ಬಂದಿತ್ತು. ಗಡಿ ಭದ್ರವಾಯಿತು, ಆದರೆ ಕಾರ್ಖಾನೆ, ಅಂಗಡಿ, ಹಾಲಿನ ಕೊಟ್ಟಿಗೆಗಳು ಬರಿದಾದವು. ಹೀಗೆ ಎಷ್ಟು ದಿನ ನಡೆದೀತು? ತಟಸ್ಥ ದೇಶದ ಸೈನ್ಯವನ್ನು ನಡೆಸುವ ಕಷ್ಟವಿರುವುದು ಇಲ್ಲಿಯೇ. ಯುದ್ಧ ಮಾಡುವವನಿಗೆ ಒಂದು ಕೊನೆಯಾದರೂ ಕಾಣುತ್ತದೆ. ಕಾಯುವವನಿಗೆ ಅದೂ ಇಲ್ಲ.

ಈ ಸಲ ಸರ್ಕಾರ ಹಳೆಯ ಪಾಠವನ್ನು ಮರೆತಿರಲಿಲ್ಲ. 1940ರ ಫೆಬ್ರವರಿ 1ರಿಂದ ಒಂದು ನಿಧಿ ಜಾರಿಗೆ ಬಂದಿತು. ನೌಕರನ ಸಂಬಳದಲ್ಲಿ ನೂರಕ್ಕೆ 2, ಯಜಮಾನನಿಂದ ನೂರಕ್ಕೆ 2. ಇವೆರಡೂ ಸೇರಿದಷ್ಟನ್ನೇ ಸರ್ಕಾರ ತಾನೂ ಹಾಕುವುದು. ಸೇವೆಯಲ್ಲಿರುವವನ ಸಂಸಾರಕ್ಕೆ ಇದರಿಂದ ಭತ್ಯ. ಮಕ್ಕಳು ಹೆಚ್ಚಾದಂತೆ ಹೆಚ್ಚು. ಕೆಲವು ತಿಂಗಳಲ್ಲಿ ಸ್ವಂತ ಕಸುಬಿನವರಿಗೂ ರೈತರಿಗೂ ಇದು ವಿಸ್ತರಿಸಿತು. ವೀರಗಾಥೆಗಳಲ್ಲಿ ಇಂಥ ವಿಷಯಕ್ಕೆ ಸ್ಥಳವಿಲ್ಲ. ಆದರೂ ಆ ಆರು ವರ್ಷ ಸೈನ್ಯವನ್ನು ಒಂದಾಗಿ ಹಿಡಿದಿಟ್ಟುದರಲ್ಲಿ ಕೋಟೆಗಳಿಗಿಂತ ಈ ನಿಧಿಯ ಪಾಲೇ ಹೆಚ್ಚಿನದೆಂದರೆ ಅತಿಶಯೋಕ್ತಿಯಾಗದು. ತಿಂಗಳ ಕೊನೆಗೆ ಮನೆಯ ಬಾಡಿಗೆ ಸಂದಿದೆಯೆಂದು ತಿಳಿದ ಸಿಪಾಯಿ ಹಿಮದಲ್ಲಿಯೂ ನೆಟ್ಟಗೆ ನಿಲ್ಲಬಲ್ಲನು. ಯುದ್ಧ ಮುಗಿದ ಬಳಿಕ ಇದೇ ವ್ಯವಸ್ಥೆಯ ಮೇಲೆ ವೃದ್ಧಾಪ್ಯದ ವಿಮೆಯನ್ನು ಕಟ್ಟಿದರು. 1947ರಲ್ಲಿ ಜನ ಅದಕ್ಕೆ ಭಾರಿ ಬಹುಮತದಿಂದ ಒಪ್ಪಿಗೆಯಿತ್ತರು. 1948ರ ಜನವರಿಯಿಂದ ಅದು ಜಾರಿಗೆ ಬಂದಿತು.

1940ರ ಬೇಸಗೆಯ ಮಾತು ಬೇರೆ. ಮೇ ತಿಂಗಳಲ್ಲಿ ಜರ್ಮನ್ ಸೈನ್ಯ ಪಶ್ಚಿಮಕ್ಕೆ ನುಗ್ಗಿದಾಗ ಅದರ ವಿಮಾನಗಳು ಸ್ವಿಸ್ ಆಕಾಶವನ್ನು ಅಡ್ಡದಾರಿಯಾಗಿ ಬಳಸತೊಡಗಿದವು. ಸ್ವಿಸ್ ವಿಮಾನಿಕರು ಸುಮ್ಮನಿರದೆ ಕೆಲವನ್ನು ಹೊಡೆದು ಕೆಡವಿದರು. ಅವರು ಏರಿದ್ದ ವಿಮಾನಗಳೋ, ಜರ್ಮನಿಯಿಂದಲೇ ಹಣ ಕೊಟ್ಟು ತರಿಸಿದ ಮೆಸ್ಸರ್‌ಷ್ಮಿಟ್‌ಗಳು! ತನ್ನ ಸರಕಿನಿಂದಲೇ ತನಗೆ ಏಟು ಬಿದ್ದುದನ್ನು ಗೋರಿಂಗನು ಸಹಿಸಲಿಲ್ಲ. ವಿಮಾನ ನಿಲ್ದಾಣಗಳನ್ನು ಕೆಡಿಸಲು ಅವನು ಕಳುಹಿಸಿದ ತಂಡ ಸಿಕ್ಕಿಬಿದ್ದಿತು. ಆದರೆ ಜೂನ್ ತಿಂಗಳಲ್ಲಿ ಫ್ರಾನ್ಸ್ ಕುಸಿದು ಸ್ವಿಟ್ಸರ್ಲೆಂಡಿನ ನಾಲ್ಕು ಕಡೆಗೂ ಹಿಟ್ಲರ್ ಮುಸ್ಸೋಲಿನಿಯರೇ ಉಳಿದರು. ಗೀಸಾನರು ಆಕಾಶದ ಕಾಳಗವನ್ನು ನಿಲ್ಲಿಸುವಂತೆ ಆಜ್ಞೆ ಮಾಡಿದರು. ಗೆದ್ದ ಹುಡುಗರಿಗೆ ಇದು ಅವಮಾನವೆನಿಸಿರಬೇಕು. ಇದು ಸಾಲದೆಂಬಂತೆ, ಫ್ರಾನ್ಸಿನ ಒಂದು ರೈಲು ನಿಲ್ದಾಣದಲ್ಲಿ ಜರ್ಮನರ ಕೈಗೆ ಕೆಲವು ಕಾಗದಗಳು ಸಿಕ್ಕಿದವು. ಜರ್ಮನಿ ಮೇಲೆ ಬಿದ್ದರೆ ಕೂಡಿ ಕಾದುವುದೆಂದು ಗೀಸಾನರು ಫ್ರೆಂಚರೊಡನೆ ಗುಟ್ಟಾಗಿ ಏರ್ಪಡಿಸಿದ್ದ ಯೋಜನೆಗಳು ಅವು. ತಟಸ್ಥನ ಮನೆಯ ಈ ಗುಟ್ಟು ಶತ್ರುವಿನ ಪೆಟ್ಟಿಗೆ ಸೇರಿತು. ಯಾವ ದಿನ ಹೊರಬೀಳುವುದೋ ಎಂಬ ಭಯ ಉಳಿಯಿತು.

ಜೂನ್ 25ರಂದು ಅಧ್ಯಕ್ಷ ಪಿಲೇ-ಗೋಲಾ ಅವರು ಆಕಾಶವಾಣಿಯಲ್ಲಿ ಮಾತನಾಡಿದರು. ಹೊಸ ಕಾಲಕ್ಕೆ ಹೊಂದಿಕೊಳ್ಳಬೇಕೆಂಬ ಧಾಟಿಯ ಮಾತು ಅದು. ಹೋರಾಡುವುದೋ, ಬಾಗುವುದೋ? ಕೇಳಿದ ಜನಕ್ಕೆ ಅರ್ಥವಾಗಲಿಲ್ಲ. ಅದಾದ ಒಂದು ತಿಂಗಳಿಗೆ, ಜುಲೈ 25ರಂದು, ಗೀಸಾನರು ಪಟಾಲಂಗಳ ನಾಯಕರನ್ನೂ ಅವರಿಗಿಂತ ಮೇಲಿನ ಅಧಿಕಾರಿಗಳನ್ನೂ ಕರೆಸಿ, ಲೂಸರ್ನ್ ನಗರದಿಂದ ಉಗಿಹಡಗಿನಲ್ಲಿ ರೂಟ್ಲಿ ಎಂಬ ಸರೋವರದಂಚಿನ ಹುಲ್ಲುಗಾವಲಿಗೆ ಕರೆದೊಯ್ದರು. ಐತಿಹ್ಯದ ಪ್ರಕಾರ ಸ್ವಿಸ್ ಒಕ್ಕೂಟದ ಮೊದಲ ಪ್ರತಿಜ್ಞೆ ನಡೆದುದು ಅಲ್ಲಿಯೇ. ನಾನೂರಕ್ಕೂ ಹೆಚ್ಚು ಅಧಿಕಾರಿಗಳು, ಎಂದರೆ ಇಡೀ ಸೈನ್ಯದ ತಲೆಯೇ, ಒಂದೇ ಹಡಗಿನಲ್ಲಿ! ಎಚ್ಚರಿಕೆಗೆ ಹೆಸರಾದ ದೇಶ ಅಂದು ತೋರಿದ ಧೈರ್ಯಕ್ಕೆ ಬೆರಗಾಗಬೇಕು.

ಅಲ್ಲಿ ಜನರಲ್ ತಿಳಿಸಿದ ಸಂಗತಿ ಕೇಳಲು ಹಿತವಾದುದಲ್ಲ. ಗಡಿಯಲ್ಲಿಯೂ ಬಯಲಿನಲ್ಲಿಯೂ ಹರಡಿದ್ದ ಸೈನ್ಯದ ಮುಖ್ಯಭಾಗವನ್ನು ಆಲ್ಪ್ಸ್ ಪರ್ವತದೊಳಕ್ಕೆ ಹಿಂದೆಗೆಯುವುದು. ಪಶ್ಚಿಮದಲ್ಲಿ ಸೇಂಟ್ ಮೋರಿಸ್, ಪೂರ್ವದಲ್ಲಿ ಸಾರ್ಗನ್ಸ್, ನಡುವೆ ಗೋಥಾರ್ಡ್, ಈ ಮೂರು ದುರ್ಗಗಳನ್ನು ಆಧರಿಸಿ ಕೊನೆಯವರೆಗೆ ಕಾದುವುದು. ಟ್ಯಾಂಕುಗಳು ಬೆಟ್ಟ ಹತ್ತಲಾರವು. ಯುದ್ಧವಿದ್ಯೆಯ ದೃಷ್ಟಿಯಿಂದ ಇದು ಸರಿ. ಆದರೆ ಜ್ಯೂರಿಕ್, ಬಾಸೆಲ್, ಬರ್ನ್, ಜಿನೀವಾ ನಗರಗಳೆಲ್ಲ ಇರುವುದು ಬೆಟ್ಟದ ಹೊರಗೆ. ಜನರಲ್ಲಿ ಹೆಚ್ಚಿನವರು, ಕಾರ್ಖಾನೆಗಳಲ್ಲಿ ಹೆಚ್ಚಿನವು, ಸಿಪಾಯಿಯ ಹೆಂಡತಿ, ತೊಟ್ಟಿಲ ಮಗು, ಮುದಿ ತಾಯಿ, ಎಲ್ಲರೂ ಬಯಲಿನಲ್ಲಿ. ಶತ್ರು ಬಂದರೆ ಗಂಡಸರು ಬಂಡೆಯೊಳಗೆ ಕುಳಿತು ಬರಿಯ ಬೆಟ್ಟವನ್ನು ಕಾಯಬೇಕು. ಮನೆಮಾರು ಬಯಲಿನಲ್ಲಿ ಶತ್ರುವಿನ ಕೈಗೆ ಸಿಕ್ಕಬೇಕು. ಸೈನ್ಯವಿರುವುದು ಸಂಸಾರದ ರಕ್ಷಣೆಗೆ ಎಂದು ನಂಬಿದ್ದವನಿಗೆ ಇದನ್ನು ಹೇಗೆ ಹೇಳುವುದು? ಆದರೂ ಹೇಳಿದರು, ಅವರೂ ಕೇಳಿದರು. ಗೆಲ್ಲುತ್ತೇವೆಂಬ ಲೆಕ್ಕವಲ್ಲ ಅದು. ಗೆದ್ದವನಿಗೆ ಲಾಭವಿಲ್ಲದಂತೆ ಮಾಡುವ ಲೆಕ್ಕ. ಜರ್ಮನಿಗೂ ಇಟಲಿಗೂ ನಡುವೆ ಗೋಥಾರ್ಡ್, ಸಿಂಪ್ಲಾನ್ ಸುರಂಗಗಳಲ್ಲಿ ಹಗಲಿರುಳೂ ರೈಲು ಓಡುತ್ತಿದ್ದಿತು. ಮೇಲೆ ಬಿದ್ದರೆ ಸುರಂಗ ಉಳಿಯದೆಂದು ತಿಳಿಯಪಡಿಸಿದ್ದರು; ಸಿಡಿಮದ್ದು ಸಿದ್ಧವಾಗಿದ್ದಿತು.

ಈ ಯೋಜನೆಯಲ್ಲಿ ಇನ್ನೊಂದು ಅನುಕೂಲವಿದ್ದಿತು. ಮನೆ ನಡೆಸುವವರಿಗೆ ಅದು ಬೇಗ ಅರ್ಥವಾದೀತು. ಬೆಟ್ಟವನ್ನು ಕಾಯಲು ಅಷ್ಟು ಜನ ಬೇಡ. ಬಹುಭಾಗ ಸೈನಿಕರನ್ನು ಮನೆಗೆ ಕಳುಹಿಸಿ ಸರದಿಯಂತೆ ಕರೆಸಿಕೊಳ್ಳಬಹುದು. ರೈತ ಹೊಲಕ್ಕೆ ಬಂದನು, ಕೂಲಿಗಾರ ಕಾರ್ಖಾನೆಗೆ ಬಂದನು. ಅದೇ ವರ್ಷ ನವೆಂಬರಿನಲ್ಲಿ ವ್ಯವಸಾಯತಜ್ಞ ವಾಲೆನ್ ಅವರು ಬೇಸಾಯವನ್ನು ಹೆಚ್ಚಿಸುವ ಯೋಜನೆಯನ್ನು ಮುಂದಿಟ್ಟರು. ಹುಲ್ಲುಗಾವಲು, ಆಟದ ಬಯಲು, ನಗರದ ಉದ್ಯಾನಗಳು ಆಲೂಗೆಡ್ಡೆಯ ಹೊಲಗಳಾದವು. ಹೆಂಗಸರು ಪಡಿಚೀಟಿ ಹಿಡಿದು ಸಾಲಿನಲ್ಲಿ ನಿಂತರು. ಕೊಟ್ಟಿಗೆ, ಅಂಗಡಿ, ಲೆಕ್ಕಪತ್ರಗಳನ್ನು ನೋಡಿಕೊಂಡರು. ಸೈನ್ಯದ ಮಹಿಳಾ ಸಹಾಯಕ ಸೇವೆಗೂ ಸೇರಿದರು. ಇಷ್ಟೆಲ್ಲ ಮಾಡಿದವರಿಗೆ ರಾಷ್ಟ್ರದ ಚುನಾವಣೆಯಲ್ಲಿ ಮತ ಕೊಡುವ ಹಕ್ಕು ದೊರೆತುದು 1971ರಲ್ಲಿ! ಸ್ವಾತಂತ್ರ್ಯಕ್ಕೆ ಇಷ್ಟು ಹೆಸರಾದ ದೇಶದ ಗಂಡಸರು ಈ ಒಂದು ವಿಷಯದಲ್ಲಿ ಬಹಳ ನಿಧಾನಿಗಳು.

ಬದುಕಲು ಕೊಟ್ಟ ಬೆಲೆಯೂ ಉಂಟು. ಕಲ್ಲಿದ್ದಲು ಬರಬೇಕಾದುದು ಜರ್ಮನಿಯಿಂದ. ಅದಕ್ಕೆ ಬದಲಾಗಿ ಯಂತ್ರಗಳೂ ಆಯುಧಗಳೂ ಹೋದವು. ಬೆಟ್ಟದೊಳಗಿನ ಫಿರಂಗಿಯ ಕೆಳಗೇ ಜರ್ಮನಿಯ ಕಲ್ಲಿದ್ದಲು ಇಟಲಿಗೆ ಸಾಗುತ್ತಿದ್ದಿತು. ಸ್ವಿಸ್ ನಗರಗಳ ದೀಪ ನೋಡಿ ಇಂಗ್ಲಿಷರ ವಿಮಾನಗಳು ದಾರಿ ಗುರುತಿಸುತ್ತವೆಂದು ಜರ್ಮನಿ ಒತ್ತಾಯಪಡಿಸಿದುದರಿಂದ 1940ರ ನವೆಂಬರಿನಿಂದ ಮನೆಮನೆಯ ಕಿಟಕಿಗೂ ಕಪ್ಪು ತೆರೆ ಬಿದ್ದಿತು. ಇವನ್ನೆಲ್ಲ ಕ್ಷಮಿಸಬಹುದು. ಕ್ಷಮಿಸಲಾಗದುದು ಗಡಿಯಲ್ಲಿ ನಡೆಯಿತು. 1942ರ ಆಗಸ್ಟಿನಲ್ಲಿ, ಯೆಹೂದ್ಯರನ್ನು ಸಾವಿಗೆ ಸಾಗಿಸುತ್ತಿದ್ದ ಕಾಲದಲ್ಲಿಯೇ, ಗಡಿಯನ್ನು ಮುಚ್ಚಿದರು. ಅಧಿಕಾರಸ್ಥರು ದೇಶವನ್ನು ತುಂಬಿದ ದೋಣಿಗೆ ಹೋಲಿಸಿದರು. 50,000ಕ್ಕೂ ಮಿಕ್ಕ ನಾಗರಿಕ ನಿರಾಶ್ರಿತರಿಗೆ ಆ ದೋಣಿಯಲ್ಲಿ ಸ್ಥಳ ಸಿಕ್ಕಿದುದು ನಿಜ. ಆದರೆ 1996ರಲ್ಲಿ ಸರ್ಕಾರವೇ ನೇಮಿಸಿದ ಇತಿಹಾಸಕಾರರ ಆಯೋಗದ ಅಂದಾಜಿನಂತೆ 20,000ಕ್ಕೂ ಹೆಚ್ಚು ಮಂದಿಯನ್ನು ಹಿಂದಕ್ಕಟ್ಟಲಾಯಿತು. ಸಾಂಕ್ಟ್ ಗಾಲೆನ್ ಪ್ರಾಂತದ ಪೊಲೀಸ್ ನಾಯಕ ಪೌಲ್ ಗ್ರೂನಿಂಗರ್ ಅವರು ನಿಯಮ ಮುರಿದು ನೂರಾರು ಜನರನ್ನು ಒಳಕ್ಕೆ ಬಿಟ್ಟುದಕ್ಕಾಗಿ 1939ರಲ್ಲಿ ಕೆಲಸ ಕಳೆದುಕೊಂಡರು. 1972ರಲ್ಲಿ ಬಡವರಾಗಿಯೇ ತೀರಿಕೊಂಡರು. ನ್ಯಾಯಾಲಯ ಅವರನ್ನು ನಿರ್ದೋಷಿಯೆಂದುದು 1995ರಲ್ಲಿ. ಬಂಡೆಯಲ್ಲಿ ಕೋಟೆ ಕೊರೆಯಲು ಹಣವಿದ್ದ ದೇಶಕ್ಕೆ ಇನ್ನಷ್ಟು ಹಾಸಿಗೆ ಹಾಸುವ ಶಕ್ತಿಯಿರಲಿಲ್ಲವೆಂದು ನಂಬುವುದು ಕಷ್ಟ.

ಹಿಟ್ಲರ್ ಸ್ವಿಟ್ಸರ್ಲೆಂಡಿನ ಮೇಲೆ ಬೀಳಲಿಲ್ಲ. ಬೆಟ್ಟದ ಕೋಟೆಗೆ ಹೆದರಿದನೋ, ಸುರಂಗವೂ ಬ್ಯಾಂಕೂ ಬೇಕಾಗಿದ್ದುವೋ, ರಷ್ಯದಲ್ಲಿ ಸಿಕ್ಕಿಕೊಂಡು ಪುರುಸೊತ್ತಾಗಲಿಲ್ಲವೋ ಎಂದು ಪಂಡಿತರು ಇನ್ನೂ ವಾದಿಸುತ್ತಾರೆ. 1945ರ ಆಗಸ್ಟ್ 20ರಂದು ಸೈನ್ಯದ ಸೇವಾಕಾಲ ಮುಗಿಯಿತು. ಗೀಸಾನರು ಜನರಲ್ ಪದವಿಯ ಅಧಿಕಾರವನ್ನು ಒಪ್ಪಿಸಿ ಸರೋವರದಂಚಿನ ಮನೆಗೆ ಮರಳಿದರು. 1960ರಲ್ಲಿ ಅವರು ತೀರಿಕೊಂಡಾಗ ಲೋಸಾನ್ ನಗರದ ಬೀದಿಗಳಲ್ಲಿ ಜನಸಾಗರವೇ ನೆರೆಯಿತು. ಅವರ ಚಿತ್ರಪಟ ಹೋಟೆಲುಗಳ ಗೋಡೆಗಳ ಮೇಲೆ ಬಹಳ ವರ್ಷ ಉಳಿಯಿತು.

ತಾಟಸ್ಥ್ಯಕ್ಕೆ ಯುದ್ಧಾನಂತರ ಬೇರೆ ಕೆಲಸಗಳು ಸಿಕ್ಕಿದವು. 1953ರಲ್ಲಿ ಕೊರಿಯದ ಯುದ್ಧಕೈದಿಗಳ ವಿಚಾರಕ್ಕಾಗಿ ತಟಸ್ಥ ರಾಷ್ಟ್ರಗಳ ಆಯೋಗ ಏರ್ಪಟ್ಟಾಗ ಅದರಲ್ಲಿ ಸ್ವಿಟ್ಸರ್ಲೆಂಡಿನ ಪ್ರತಿನಿಧಿಯೂ ಇದ್ದರು. ಅಧ್ಯಕ್ಷರಾಗಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು. ಸ್ವದೇಶದಲ್ಲಿ ಮಾತ್ರ ಸೈನ್ಯದ ಖರ್ಚಿನ ಮೇಲೆ ಜನರ ಕಣ್ಣು ಎಂದೂ ತಪ್ಪಲಿಲ್ಲ. ಸೈನ್ಯವನ್ನೇ ರದ್ದು ಮಾಡಬೇಕೇ ಎಂದು 1989ರ ನವೆಂಬರಿನಲ್ಲಿ ಜನಮತ ಕೇಳಿದಾಗ ನೂರಕ್ಕೆ 35ಕ್ಕೂ ಹೆಚ್ಚು ಮಂದಿ ಹೌದೆಂದರು. 2014ರ ಫೆಬ್ರವರಿಯಲ್ಲಿ ಅಪಹೃತವಾದ ಇಥಿಯೋಪಿಯದ ವಿಮಾನವೊಂದು ನಸುಕಿನಲ್ಲಿ ಜಿನೀವಾಕ್ಕೆ ಬಂದಿಳಿದಾಗ ಅದರ ಬೆನ್ನಿಗೆ ಬಂದವು ಅನ್ಯದೇಶಗಳ ಯುದ್ಧವಿಮಾನಗಳು. ಸ್ವಿಸ್ ವಿಮಾನಪಡೆಗೆ ಕಚೇರಿಯ ವೇಳೆ ಇನ್ನೂ ಆಗಿರಲಿಲ್ಲ! ಹಗಲಿರುಳಿನ ಕಾವಲು ಏರ್ಪಟ್ಟುದು 2020ರ ಕೊನೆಗೆ. ಹೊಸ ಯುದ್ಧವಿಮಾನಗಳಿಗೆ ಹಣ ಕೊಡಲು ಅದೇ ವರ್ಷ ಜನ ಒಪ್ಪಿದರು. ಬಿದ್ದ ಮತ ನೂರಕ್ಕೆ 50.1.

ಕಪಾಟಿನ ಬಂದೂಕಿನ ಜತೆಗೆ ಮೊಹರು ಹಾಕಿದ ಒಂದು ತಗಡಿನ ಡಬ್ಬಿಯಲ್ಲಿ ಗುಂಡುಗಳೂ ಇರುತ್ತಿದ್ದವು. 2007ರಲ್ಲಿ ಆ ಡಬ್ಬಿಗಳನ್ನು ಹಿಂದಕ್ಕೆ ತರಿಸಿಕೊಳ್ಳಲು ತೀರ್ಮಾನಿಸಿದರು. ಬೆಟ್ಟದ ಕೋಟೆಗಳಲ್ಲಿ ಹಲವನ್ನು ಸೈನ್ಯ ಬಿಟ್ಟುಕೊಟ್ಟಿತು. ಕೆಲವು ವಸ್ತುಪ್ರದರ್ಶನಗಳಾದವು; ಅಂದು ಯಾರನ್ನು ಬಯಲಿನಲ್ಲಿ ಬಿಟ್ಟು ಬರಬೇಕಾಗಿತ್ತೋ ಅವರ ಮೊಮ್ಮಕ್ಕಳು ಭಾನುವಾರ ಟಿಕೆಟ್ ಕೊಂಡು ಒಳಗೆ ಹೋಗಿ ನೋಡುತ್ತಾರೆ. ಇನ್ನು ಕೆಲವು ಕಡೆ ಬಂಡೆಯೊಳಗಿನ ತಂಪು ವರ್ಷವಿಡೀ ಒಂದೇ ಸಮನಾಗಿರುವುದನ್ನು ಕಂಡು ಹಾಲಿನ ವ್ಯಾಪಾರಿಗಳು ಅಲ್ಲಿ ಹಲಗೆಗಳನ್ನು ಜೋಡಿಸಿ ಚೀಸ್ ಮಾಗಲು ಇಟ್ಟಿದ್ದಾರೆ.